ಕಾರ್ಬನ್ ಪ್ರತಿ ಇಲ್ಲದ ಕಾಗದ

ಟೈಪಮ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಪುಣ್ಯವಂತೆ ಅಂದುಕೊಳ್ಳಬೇಡಿ, ಅದೊಂದು ದೊಡ್ಡ ಕಾಟ. ಬಾಯಿ ಮುಚ್ಚಿಕೊಂಡರೂ ಮುಖ ಎಲ್ಲವನ್ನೂ ಒದರಿಬಿಡುತ್ತಿತ್ತು. ಕೋರ್ಟಿನ ಎದುರು, ಎರಡು ಕುರ್ಚಿ ಹಿಡಿಸುವಷ್ಟು ಅಂಗಡಿಯಲ್ಲಿ, ಮೂವತ್ತು ವರ್ಷದಿಂದ ಊರವರ ಕಾಗದಪತ್ರ ಟೈಪ್ ಮಾಡಿದವಳು. ಏನು ಬರೆದರೂ ತನಗೊಂದು ಕಾರ್ಬನ್ ಪ್ರತಿ ಇಟ್ಟುಕೊಳ್ಳುವುದು ಅವಳ ಚಾಳಿ. ಕಂಪ್ಯೂಟರ್ ಬಂದ ಮೇಲೂ ಅದು ಹೋಗಲಿಲ್ಲ.

ಹಿಂದೊಮ್ಮೆ ಒಬ್ಬ ಹುಡುಗಿ ಇವಳ ಕೈಲಿ ಕೆಲಸದ ಅರ್ಜಿ ಬರೆಸಿಕೊಂಡು ಮನೆ ಬಿಟ್ಟು ಹೋಗಿದ್ದಳು. ಅವಳಪ್ಪ ಬಂದು "ಎಲ್ಲಿಗೆ ಹೋದಳು?" ಎಂದು ಕೇಳಿದ. ಟೈಪಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಹಾಳು ಕಣ್ಣು ಪ್ರತಿಗಳ ಕಪಾಟಿನ ಕಡೆ ಹೋಯಿತು, ಅಷ್ಟೇ ಸಾಕಾಯಿತು. ಸಂಜೆಯೊಳಗೆ ಹುಡುಗಿಯನ್ನು ಎಳೆದು ತಂದರು. ಆ ಹುಡುಗಿ ತನ್ನ ಕಡೆ ನೋಡಿದ್ದನ್ನು ಟೈಪಮ್ಮ ಇಂದಿಗೂ ಮರೆತಿಲ್ಲ.

ಹಾಗಾಗಿ, ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುವವಳು ಮಣಿಕಟ್ಟಿನ ಮೇಲಿನ ಬಾವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಾಗ ಇವಳು ಎದ್ದು ಕಪಾಟಿಗೆ ಬೆನ್ನು ಕೊಟ್ಟು ನಿಂತಳು.

"ಅಮ್ಮಾ, ನನ್ನ ಫೋನು ಯಜಮಾನರ ಜೇಬಲ್ಲೇ ಇರತ್ತೆ. ನೀವೇ ಅಕ್ಕನಿಗೊಂದು ಮೇಲ್ ಬರೆದುಕೊಡಿ. ಮಗಳನ್ನ ಕರ್ಕೊಂಡು ಹೊರಡ್ತೀನಿ. ಹೋಗೋದು ಎಲ್ಲಿಗೆ ಅಂದ್ರೆ..."

"ಹೇಳಬೇಡ! ದಮ್ಮಯ್ಯ, ನನಗೆ ಹೇಳಬೇಡ!"

ಅಕ್ಕ ದೂರದೇಶದ ಆಸ್ಪತ್ರೆಯೊಂದರ ಕಚೇರಿಯಲ್ಲಿದ್ದಳು. ಟೈಪಮ್ಮ ಅವಳಿಗೆ ಒಂದೇ ಸಾಲು ಬರೆದಳು: "ನಿಮ್ಮ ತಂಗಿ ಬರೆಯೋದು ನನಗೂ ಕಾಣಬಾರದು, ದಾರಿ ಇದೆಯಾ?" ಇದೆ ಎಂದು ಉತ್ತರ ಬಂತು. ಬರೆದದ್ದನ್ನು ಗೂಢಲಿಪಿ ಮಾಡಿ ಮುಚ್ಚಲು ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ಸಣ್ಣ ಸಲಕರಣೆ. ಜೊತೆಗೆ ಅಕ್ಕ ಒಂದು ಕೀಯನ್ನೂ ಕಳಿಸಿದ್ದಳು. ಇದರಿಂದ ಕಾಗದ ಮುಚ್ಚಬಹುದು ಅಷ್ಟೇ, ತೆರೆಯುವ ಕೀ ಬೇರೆ, ಅದು ನನ್ನೊಬ್ಬಳ ಹತ್ತಿರ ಇದೆ ಎಂದಿದ್ದಳು. ಟೈಪಮ್ಮ ಅದನ್ನು ನಾಲ್ಕು ಸಲ ಓದಿದಳು. ಮುಚ್ಚಿದ ಕೈಗೇ ತೆರೆಯಲು ಬರುವುದಿಲ್ಲವಂತೆ! ಹೀಗೂ ಉಂಟೇ?

ಅವಳದು ಲಿನಕ್ಸ್ ಹಾಕಿದ ಹಳೇ ಕಂಪ್ಯೂಟರ್. ಸಲಕರಣೆ ನಿಮಿಷದಲ್ಲಿ ಬಂದು ಕೂತಿತು, ಕೂತು ಹಟ ಹಿಡಿಯಿತು: ಕಾಗದ ಮುಚ್ಚುವ ಪ್ರೋಗ್ರಾಮ್ ಈ ಯಂತ್ರದಲ್ಲಿ ಇಲ್ಲವೇ ಇಲ್ಲ! ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ ಹೆಸರು ಹಿಡಿದು ಕರೆದರೆ ಅದೇ ಪ್ರೋಗ್ರಾಮ್ ಓಗೊಡುತ್ತಿತ್ತು. "ಕಣ್ಣೆದುರೇ ಕೂತಿದೆಯಲ್ಲೋ ಮಹರಾಯ!" ಎಂದು ಎರಡು ದಿನ ಪರದೆಗೆ ಬೈದಳು. ಮೂರನೇ ದಿನ ರಿಪೇರಿಯವನು ಬಂದು ನೋಡಿ ನಕ್ಕ.

"ನಿಮ್ಮ ಬ್ರೌಸರ್ ಮುಚ್ಚಳ ಹಾಕಿದ ಡಬ್ಬಿಯೊಳಗಿದೆ ಅಮ್ಮಾ. ಹೊರಗಿರೋದು ಅದಕ್ಕೆ ಕಾಣಲ್ಲ."

ಅದನ್ನು ತೆಗೆದು, ಡಬ್ಬಿಯಿಲ್ಲದ ಬ್ರೌಸರ್ ಹಾಕಿ, ಸಲಕರಣೆಗೂ ಪ್ರೋಗ್ರಾಮಿಗೂ ಪರಿಚಯ ಮಾಡಿಸುವ ಒಂದು ಫೈಲನ್ನು ಅದರ ಜಾಗದಲ್ಲಿಟ್ಟು ಹೋದ. ಟೈಪಮ್ಮ 'ನಮಸ್ಕಾರ' ಎಂದು ಬರೆದು ಗುಂಡಿ ಒತ್ತಿದಳು. ಅಬ್ಬಬ್ಬಾ! ಒಂದು ನಮಸ್ಕಾರ ಹತ್ತಾರು ಸಾಲು ತಲೆಬುಡವಿಲ್ಲದ ಅಕ್ಷರವಾಗಿ ನಿಂತಿತ್ತು. ಕಳಿಸಿ, ಅಭ್ಯಾಸಬಲದಿಂದ ಕಳಿಸಿದ್ದನ್ನು ತೆರೆದು ನೋಡಿದರೆ ಅವಳ ನಮಸ್ಕಾರ ಅವಳಿಗೇ ಬಿಚ್ಚಿಕೊಂಡಿತು.

ಹುಡುಕಿದರೆ, ಸೆಟ್ಟಿಂಗಿನಲ್ಲಿ 'ಕಳಿಸುವವರಿಗೂ ಓದಲು ಬರಲಿ' ಎಂಬಲ್ಲಿ ಗುರುತು ಬಿದ್ದಿತ್ತು. ಹಾಕಿದ್ದು ಇನ್ಯಾರು? ಮೂವತ್ತು ವರ್ಷ ಕಾರ್ಬನ್ ಇಟ್ಟ ಕೈ ತಾನಾಗಿ ಹಾಕಿತ್ತು. ಅದನ್ನು ತೆಗೆಯುವಾಗ ಬೆರಳು ಒಂದು ಗಳಿಗೆ ತಡೆಯಿತು. ತೆಗೆದಳು. ಮತ್ತೆ ಬರೆದು ಕಳಿಸಿದಳು. ಈ ಸಲ ಏನು ಮಾಡಿದರೂ ತೆರೆಯಲಿಲ್ಲ, ಆದರೆ ಅತ್ತಲಿಂದ ಅಕ್ಕ "ಓದಿದೆ" ಎಂದಳು. ತಾನೇ ಬರೆದದ್ದು ತನ್ನದಲ್ಲವಾಗಿತ್ತು. ಎಂಥಾ ಬುದ್ಧಿವಂತರಪ್ಪಾ ಇದನ್ನು ಕಂಡುಹಿಡಿದವರು!

ಮರುದಿನ ಟೈಪಮ್ಮ ಯಾರಿಗೂ ಬಿಟ್ಟುಕೊಡದ ತನ್ನ ಕುರ್ಚಿಯನ್ನು ಹೊಲಿಯುವವಳಿಗೆ ಕೊಟ್ಟು ತಾನು ಗೋಡೆಗೆ ಮುಖ ಮಾಡಿ ಕೂತಳು. ಅವಳು ಒಂದೇ ಬೆರಳಲ್ಲಿ ಟಕ್, ಟಕ್ ಎಂದು ಒತ್ತತೊಡಗಿದಳು. ಸದ್ದು ಕೇಳಿಯೇ ಅಕ್ಷರ ಹೇಳುವ ಹಾಳು ಕಿವಿ ಟೈಪಮ್ಮನದು. ಎದ್ದು ಫ್ಯಾನು ಜೋರು ಮಾಡಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡಳು. ಹೊಲಿಯುವವಳು ತಾನೇ ಮುಚ್ಚುವ ಗುಂಡಿ ಒತ್ತಿ, ಕಳಿಸಿ, ಭುಜ ತಟ್ಟಿದ ಮೇಲೇ ತಿರುಗಿದಳು.

ಮೂರು ದಿನ ಕಳೆದ ಮೇಲೆ ಪಕ್ಕದ ಹೊಲಿಗೆ ಯಂತ್ರದ ಸದ್ದು ನಿಂತಿತು. ಮರುದಿನ ಅವಳ ಗಂಡ ಬಂದು ಬಾಗಿಲಿಗೆ ಅಡ್ಡ ನಿಂತ.

"ಇಲ್ಲೇ ಕೂತು ಏನೋ ಬರೆದಳಂತೆ. ಎಲ್ಲಿಗೆ ಹೋದಳು?"

ಟೈಪಮ್ಮ ಪರದೆಯನ್ನು ಅವನ ಕಡೆ ತಿರುಗಿಸಿದಳು. "ಬರೆದದ್ದು ಇದೇ. ಓದ್ಕೊಳ್ಳಿ."

"ಏನ್ರೀ ಇದು?"

"ನನಗೂ ಓದೋಕೆ ಬರಲ್ಲ."

"ಪ್ರತಿ ಇಟ್ಕೊಳ್ಳದೆ ಬಿಡೋರಾ ನೀವು?"

"ಇದಕ್ಕೆ ಇಟ್ಟಿಲ್ಲ."

ಊರೆಲ್ಲ ಓದಬಲ್ಲ ಆ ಮುಖವನ್ನು ಅವನು ದಿಟ್ಟಿಸಿದ. ಕಣ್ಣು, ತುಟಿ, ಹಣೆ, ಎಲ್ಲ ತಡಕಿದ. ಅಲ್ಲಿ ಏನೂ ಇರಲಿಲ್ಲ. ಬಾಗಿಲು ಬಡಿದು ಹೊರಟುಹೋದ.

ಟೈಪಮ್ಮ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಆ ಅಕ್ಷರಗಳನ್ನು ಮೊದಲ ಸಾಲಿನಿಂದ ಕೊನೆಯವರೆಗೂ ನೋಡಿದಳು. ಒಂದೂ ಅರ್ಥವಾಗಲಿಲ್ಲ. "ಎಲ್ಲಿದ್ದೀಯೋ ಏನೋ ಮಗಳೇ, ಚೆನ್ನಾಗಿರು," ಎಂದಳು. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ.