ಆರತಿ ತಟ್ಟೆಯ ಹತ್ತು ಪೈಸೆ

ಗೋಪನಕೊಪ್ಪದ ನಮ್ಮ ನೆರೆಮನೆಯ ಕಾಕಾ ಚಿಲ್ಲರೆಯನ್ನು ಭೂತಗನ್ನಡಿ ಹಿಡಿದೇ ಇಸಿದುಕೊಳ್ಳುತ್ತಿದ್ದರು. ಆಣೆ ಹೋಗಿ ನಯೇಪೈಸೆ ಬಂದ ಹೊಸತು. ಯಾವುದಾದರೂ ನಾಣ್ಯದಲ್ಲಿ ಒಂದಂಕಿ ಎರಡೆರಡಾಗಿ ಮೂಡಿದ್ದರೆ, "ಟಂಕಸಾಲಿಯವ್ರಿಗೂ ನಿದ್ದಿ ಬರತೈತಿ" ಎಂದು ಅದನ್ನು ಎದೆಯ ಕಿಸೆಗೆ ಇಳಿಸುವರು. ಅದು ಮತ್ತೆ ಪೇಟೆ ಕಾಣುತ್ತಿರಲಿಲ್ಲ.

ಮಗಳನ್ನು ನೋಡಲು ಉಪ್ಪಿನಬೆಟಗೇರಿಯವರು ಬಂದ ದಿನ ಕಾಕಾನ ಹೆಂಡತಿ ಕಾಕೂ ಆ ಭೂತಗನ್ನಡಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದರು. ಮಾತುಕತೆ ಚೆನ್ನಾಗಿಯೇ ನಡೆಯಿತು. ಹುಡುಗಿ ಆರತಿ ಬೆಳಗಿದಳು. ಹುಡುಗನ ತಂದೆ ತಟ್ಟೆಗೆ ಹತ್ತು ಪೈಸೆ ಹಾಕಿದರು. ಕಾಕಾ ಅದನ್ನೆತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದರು.

"ಯಾಕ್ರೀ, ನಮ್ಮ ರೊಕ್ಕ ಖೋಟಾ ಅನಸ್ತೇನು?" ಎಂದು ಹುಡುಗನ ತಂದೆ ಎದ್ದೇ ನಿಂತರು. ಕಾಕೂ ಬಾಯಿಗೆ ಸೆರಗು ಒತ್ತಿಕೊಂಡರು.

"ಖರೇ ರೊಕ್ಕನ ಐತ್ರಿ. ಆದರ ಸಿಂಹ ನಡು ಬಿಟ್ಟು ಅಂಚಿಗೆ ಸರದಾವ ನೋಡ್ರಿ. ಟಂಕಸಾಲಿಯವ್ರಿಗೂ ನಿದ್ದಿ ಬರತೈತಿ."

ಹುಡುಗನ ತಂದೆ ನೋಡಿದರು. ಬಹಳ ಹೊತ್ತು ನೋಡಿದರು. "ಹಂಗಾರ ಇದನ್ನ ವಾಪಸ್ ಕೊಡ್ರಿ. ಬ್ಯಾರೇದು ಹಾಕತೇನಿ."

"ಆರತಿಗೆ ಹಾಕಿದ್ದನ್ನ ತಿರುಗಿ ಕೇಳತಾರೇನ್ರಿ?"

ಇಬ್ಬರೂ ನಾಣ್ಯದ ಒಂದೊಂದು ಅಂಚು ಹಿಡಿದು ನಿಂತರು. ಸಂಬಂಧ ಮುರಿಯುವುದರಲ್ಲಿತ್ತು. ಆಗ ಹುಡುಗಿ ಎದ್ದು ಬಂದು, ನಾಣ್ಯ ಬಿಡಿಸಿಕೊಂಡು ತನ್ನ ಸೆರಗಿಗೆ ಗಂಟು ಹಾಕಿದಳು.

"ಆರತಿ ಮಾಡಿದಾಕಿ ನಾ. ಇದು ನಂದು. ನಾ ಎಲ್ಲಿ ಹೋಗತೇನಿ, ಅಲ್ಲಿ ಬರತೈತಿ."

ಹುಡುಗನ ತಂದೆ ಕುಳಿತುಕೊಂಡು, ತಿನ್ನಲು ಕೊಟ್ಟಿದ್ದ ಶಿರಾದ ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

ಮದುವೆಯಾದ ಮೇಲೆ ಕಾಕಾ ತಿಂಗಳಿಗೊಮ್ಮೆ ಉಪ್ಪಿನಬೆಟಗೇರಿಗೆ ಹೋಗುವರು. ಮಗಳ ನೆನಪಾಯಿತು ಎನ್ನುವರು. ಭೂತಗನ್ನಡಿಯನ್ನು ಮಾತ್ರ ಒಮ್ಮೆಯೂ ಮರೆತವರಲ್ಲ.