ಕಸಿ ಕಟ್ಟಿದ ಪ್ಲಾಸ್ಟಿಕ್ಕು

ಮೊನ್ನೆ ಕೆಂಗೇರಿ ಉಪನಗರದ ನಮ್ಮ ಬೀದಿ ಅಗೆದು ಕರೆಂಟಿನ ಕೇಬಲ್ ಹೂಳುತ್ತಿದ್ದವರು ನಮ್ಮ ಗೇಟಿನ ಮುಂದೆಯೇ ಕೂತು ಅದರ ತುದಿ ಸುಲಿದರು. ಹೊಸ ಪ್ಲಾಸ್ಟಿಕ್ಕಿನ ಸಿಹಿಸಿಹಿ ವಾಸನೆ ಅಡುಗೆಮನೆಯವರೆಗೂ ಬಂತು. ನಿಮಗಾದರೆ ಅದು ಬರಿಯ ವಾಸನೆ. ನನಗೆ ಅದು ಹಳೆಯ ಭಯ. ಬಿಡಿಸುತ್ತಿದ್ದ ಹುರುಳಿಕಾಯಿಯನ್ನು ಅಲ್ಲೇ ಬಿಟ್ಟು ಕೂತೆ.

ನಾಯಂಡಹಳ್ಳಿಯ ಗೋಡೌನುಗಳ ನಡುವೆ, ಕೇಬಲ್ಲಿಗೆ ಬೇಕಾದ ಪ್ಲಾಸ್ಟಿಕ್ ತಯಾರಿಸುವ ಚಿಕ್ಕ ಫ್ಯಾಕ್ಟರಿಯೊಂದರಲ್ಲಿ ನಾನು ಲ್ಯಾಬ್ ಅಸಿಸ್ಟೆಂಟ್ ಆಗಿದ್ದೆ. ಸ್ವಭಾವತಃ ಪುಕ್ಕಲಿ. ಗೀಸರಿನ ಸ್ವಿಚ್ಚನ್ನು ಇವತ್ತಿಗೂ ಚಪ್ಪಲಿ ಮೆಟ್ಟಿಕೊಂಡೇ ಒತ್ತುವವಳು. ಅಂಥವಳಿಗೆ ಸಿಕ್ಕ ಕೆಲಸ, ಪ್ಲಾಸ್ಟಿಕ್ಕಿಗೆ ಸಾವಿರಾರು ವೋಲ್ಟು ಕೊಟ್ಟು ಅದು ಎಲ್ಲಿಯವರೆಗೆ ತಡೆಯುತ್ತದೆ ಎಂದು ನೋಡುವುದು.

ನಮ್ಮ ಮೇಡಂ ಕೆಮಿಸ್ಟ್ರಿ ಓದಿದವರು. ಮಾಮೂಲಿ ಪಾಲಿಥೀನಿಗೆ ಇನ್ನೊಂದು ರಾಸಾಯನಿಕವನ್ನು ಕಸಿ ಕಟ್ಟುವುದು ಅವರ ಹುಚ್ಚು. ಮಾವಿನ ಗಿಡಕ್ಕೆ ಕಟ್ಟುತ್ತಾರಲ್ಲ, ಹಾಗೆ. ಹೀಗೆ ಸೇರಿಕೊಂಡ ಅಣುಗಳು ಒಳಗೆ ನುಗ್ಗುವ ಕರೆಂಟನ್ನು ಹಿಡಿದು ನಿಲ್ಲಿಸುತ್ತವೆ, ಅದೇ ದಪ್ಪದ ಪದರ ಹೆಚ್ಚು ವೋಲ್ಟು ತಾಳುತ್ತದೆ ಎನ್ನುತ್ತಿದ್ದರು. ಆ ಹೊಸ ಪ್ಲಾಸ್ಟಿಕ್ಕಿನ ತೆಳು ಹಾಳೆಯನ್ನು ಎಣ್ಣೆಯೊಳಗೆ ಎರಡು ಹಿತ್ತಾಳೆ ಗುಂಡುಗಳ ನಡುವೆ ಇಟ್ಟು, ಜಾಲರಿಯ ಬಾಗಿಲು ಹಾಕಿ, ಹೊರಗಿನಿಂದ ನಾನು ವೋಲ್ಟು ಏರಿಸಬೇಕು. ಟಪ್ ಎಂದು ತೂತು ಬಿದ್ದಾಗ ಅದರ ತಾಕತ್ತು ತಿಳಿಯುತ್ತದೆ. ಆ ಸದ್ದಿಗೆ ನಾನು ಬೆಚ್ಚದ ದಿನವಿಲ್ಲ.

ಸದ್ದಿಗಿಂತ ಹೆಚ್ಚು ಹೆದರಿಸಿದ್ದು ಬೇರೆಯೇ. ಪರೀಕ್ಷೆಗೆ ಕೂತ ಹಾಳೆ ತೂತಾಗಿ ಕಸದ ಡಬ್ಬಿ ಸೇರುತ್ತದೆ. ಜನರ ಬೀದಿಗೆ ಹೋಗುವುದು ಇನ್ನೊಂದು ಹಾಳೆ. ಅದರ ಬಗ್ಗೆ ನನಗೇನು ಗೊತ್ತು?

ಇದು ಯಾಕೆ ಕಾಡಿತೆಂದರೆ, ನಮ್ಮ ಯಜಮಾನರು ಕೇಬಲ್ ಜಾಯಿಂಟರ್. ಎರಡು ಕೇಬಲ್ಲುಗಳ ತುದಿ ಸೇರಿಸಿ, ಪದರದ ಮೇಲೆ ಪದರ ಸುತ್ತಿ ಮುಚ್ಚುವ ಕೆಲಸ. ಅವರ ಬಳಗದಲ್ಲಿ ಒಂದು ಹೆಮ್ಮೆಯಿತ್ತು. ಮೊದಲ ಸಲ ಕರೆಂಟು ಕೊಡುವಾಗ ತಾನು ಕಟ್ಟಿದ ಜಾಯಿಂಟಿನ ಪಕ್ಕದಲ್ಲೇ ನಿಲ್ಲಬೇಕು. ದೂರ ನಿಂತರೆ ತನ್ನ ಕೈಯ ಮೇಲೆ ತನಗೇ ನಂಬಿಕೆಯಿಲ್ಲ ಎಂದು ಅರ್ಥ. ಮೇಡಂ ಅವರ ಪ್ಲಾಸ್ಟಿಕ್ಕಿನಿಂದ ಮಾಡಿದ ಮೊದಲ ಕೇಬಲ್ಲಿಗೆ ಜಾಯಿಂಟು ಕಟ್ಟಲು ಬಂದವರು ಇವರೇ. ಹಿಂದಿನ ದಿನ ಊಟಕ್ಕೆ ಕೂತಾಗ, ಕರೆಂಟು ಕೊಡುವಾಗ ಯಾರೂ ಹತ್ತಿರ ಬರದಂತೆ ಸುತ್ತ ಕಟ್ಟುವ ಹಗ್ಗದ ಆಚೆ ನಿಂತುಕೊಳ್ಳಿ ಎಂದು ಬೇಡಿಕೊಂಡೆ.

"ನೀನೇ ಟೆಸ್ಟ್ ಮಾಡಿದೀಯಲ್ಲ, ಇನ್ನೇನು ಭಯ?" ಎಂದು ಇನ್ನಷ್ಟು ಸಾರು ಹಾಕಿಸಿಕೊಂಡರು.

ಬೆಳಿಗ್ಗೆ ಮೇಡಂ ಹತ್ತಿರ ಹೋಗಿ, ಇದು ಖಂಡಿತ ತಡೆಯುತ್ತದೆ ತಾನೆ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗೊತ್ತಿಲ್ಲಮ್ಮ. ಗೊತ್ತಿಲ್ಲ ಅಂತಾನೇ ಹಗ್ಗ ಕಟ್ಟೋದು."

ಫ್ಯಾಕ್ಟರಿಯ ಯಾರ್ಡಿನಲ್ಲಿ ಎಲ್ಲರೂ ಹಗ್ಗದ ಹೊರಗೆ, ನಮ್ಮ ಯಜಮಾನರೊಬ್ಬರು ಒಳಗೆ. ಮೇಡಂ ಕರೆದರೂ ನಕ್ಕು ಅಲ್ಲೇ ನಿಂತರು. ಇವರನ್ನು ಕೆಲಸಕ್ಕೆ ಕರೆತಂದಿದ್ದ ಕಂಟ್ರಾಕ್ಟರಿಗೆ ಇದೆಲ್ಲ ಮಾಮೂಲಿ, ಶುರು ಮಾಡೋಣ ಎಂಬಂತೆ ಕೈ ಎತ್ತಿದ. ಆಗ ನನಗೇನಾಯಿತೋ, ಹಗ್ಗದ ಕೆಳಗೆ ನುಸುಳಿ ಹೋಗಿ ಇವರ ಪಕ್ಕ ನಿಂತೆ.

"ಟೆಸ್ಟ್ ಮಾಡಿದ್ದು ನಾನೇ ಅಲ್ವಾ? ನಾನೂ ಇಲ್ಲೇ ನಿಲ್ತೀನಿ ರೀ."

ಇವರ ಮುಖದ ನಗು ಹೋಯಿತು. ನನ್ನ ರಟ್ಟೆ ಹಿಡಿದು ಹಗ್ಗದ ಹೊರಗೆ ಎಳೆದುಕೊಂಡು ಬಂದರು. ಕರೆಂಟು ಕೊಟ್ಟರು. ಕೇಬಲ್ಲು ತಡೆಯಿತು, ಜಾಯಿಂಟೂ ತಡೆಯಿತು. ಎಲ್ಲರೂ ಕಾಫಿ ಕುಡಿಯುವಾಗ ನಾನು ಗೋಡೌನಿನ ಹಿಂದೆ ವಾಂತಿ ಮಾಡಿಕೊಂಡೆ. ಹೆಂಡತಿ ತನ್ನ ಮಾನ ಕಳೆದಳೆಂದು ಇವರು ಮದುವೆಮನೆಗಳಲ್ಲಿ ಹೇಳಿ ನಗಿಸುವುದು, ನಾನೂ ಜೊತೆಗೆ ನಗುವುದು ವರ್ಷಗಟ್ಟಲೆ ನಡೆಯಿತು.

ಮೊನ್ನೆ ಆ ವಾಸನೆಗೆ ಇವರೂ ಎದ್ದು ಗೇಟಿಗೆ ಬಂದಿದ್ದರು. ಜಾಯಿಂಟು ಕಟ್ಟುವವರ ಕೈಯನ್ನೇ ನೋಡುತ್ತಿದ್ದರು. ನಾನೂ ಹೋಗಿ ಪಕ್ಕದಲ್ಲಿ ನಿಂತು, ಅವತ್ತು ನಿಮಗೆ ನಿಜವಾಗಿ ಭಯವೇ ಆಗಿರಲಿಲ್ಲವಾ ಎಂದು ಕೇಳಿದೆ.

"ಆ ಜಾಯಿಂಟಿನ ಮೇಲೆ ನಂಗೇ ನಂಬಿಕೆ ಇರ್ಲಿಲ್ಲ ಕಣೇ. ಸುತ್ತುವಾಗ ಒಳಗೆ ಗಾಳಿ ಉಳೀತೇನೋ ಅಂತ ಅನುಮಾನ. ಗಾಳಿ ಉಳಿದ್ರೆ ಅಲ್ಲೇ ಸಿಡಿಯೋದು."

ಮತ್ತೆ ಯಾಕೆ ನಿಂತಿರಿ ಎಂದೆ.

"ಟೆಸ್ಟ್ ಮಾಡಿದ್ದು ನೀನು. ಗಂಡನೇ ದೂರ ನಿಂತ್ರೆ, ಎಲ್ರೂ ನಿನ್ನ ಕೆಲಸಾನೇ ಅನುಮಾನ ಪಡೋರು."

ಇಷ್ಟು ವರ್ಷ ನಾನು ನಕ್ಕಿದ್ದು ಇದಕ್ಕಾ ಎನಿಸಿ, ಈ ಸಲ ನಾನೇ ಇವರ ರಟ್ಟೆ ಹಿಡಿದೆ. ಒಳಗೆ ಬನ್ನಿ ಎಂದೆ. ಎದುರಾಡದೆ ಬಂದರು.