ಹನ್ನೆರಡನೆಯ ಅಧ್ಯಾಯದ ದನಿ

ನಮ್ಮ ರೆಕಾರ್ಡಿಂಗ್ ಸ್ಟುಡಿಯೋದ ಹಿರಿಯ ಸೌಂಡ್ ಎಂಜಿನಿಯರನ್ನು ಎದುರಿಗೆ ಸರ್ ಎನ್ನುತ್ತಿದ್ದೆವು, ಬೆನ್ನ ಹಿಂದೆ ಕಿವಿರಾಯ. ಪಕ್ಕದ ಕೋಣೆಯಲ್ಲಿ ಫ್ಯಾನಿನ ಸದ್ದು ಸ್ವಲ್ಪ ಬದಲಾದರೂ ಅವರಿಗೆ ಗೊತ್ತಾಗುತ್ತಿತ್ತು. ಅವರ ಹೆಂಡತಿ ಮಾತ್ರ, "ಊರವರದ್ದೆಲ್ಲ ಕೇಳ್ಸುತ್ತೆ, ನಾನು ಕೂಗಿದ್ರೆ ಮಾತ್ರ ಇವರಿಗೆ ಕಿವುಡು" ಎಂದು ನಗುತ್ತಿದ್ದರು. ನಾನು ಒಂಬತ್ತು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವಳು. ಇಲ್ಲಿ ತಪ್ಪು ಮಾಡಿದವಳೂ ನಾನೇ.

ಅಲ್ಲಿದ್ದ ಹಳೆಯ ಈಕ್ವಲೈಸರ್ ಎಂದರೆ ಅವರಿಗೆ ಜೀವ. ಕಬ್ಬಿಣದ ಪೆಟ್ಟಿಗೆ, ಎತ್ತಲು ಇಬ್ಬರು ಬೇಕು. ಮುಂದೆ ಎರಡು ಸಾಲು ನಾಬ್‌ಗಳು. ಮೇಲಿನವು ಎಡಗಿವಿಗೆ, ಕೆಳಗಿನವು ಬಲಗಿವಿಗೆ. ದನಿಯಲ್ಲಿ ಗುಂಗು ಹೆಚ್ಚಾದರೆ ಒಂದನ್ನು ಇಳಿಸಬೇಕು, ಮಾತು ಮಸುಕಾದರೆ ಇನ್ನೊಂದನ್ನು ಏರಿಸಬೇಕು. ಕಂಪ್ಯೂಟರಿಗಿರುವಂತೆ ಅದಕ್ಕೆ ನೆನಪಿಲ್ಲ. ಅದಕ್ಕೇ ನಮ್ಮಲ್ಲೊಂದು ನಿಯಮ: ಕೆಲಸ ಮುಗಿದ ಮೇಲೆ ಯಾವ ನಾಬ್ ಎಲ್ಲಿದೆ ಎಂದು ಪುಸ್ತಕದಲ್ಲಿ ಬರೆದು, ಎಲ್ಲವನ್ನೂ ಸೊನ್ನೆಗೆ ತಿರುಗಿಸಿ ಮನೆಗೆ ಹೋಗಬೇಕು.

ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಶಾಲೆಯಲ್ಲಿ ಟೀಚರ್. ಕಣ್ಣು ಕಾಣದ ಮಕ್ಕಳಿಗಾಗಿ ಹನ್ನೆರಡು ಅಧ್ಯಾಯದ ಕಥೆಪುಸ್ತಕವೊಂದನ್ನು ನಮ್ಮಲ್ಲೇ ಓದಿ ಮುಗಿಸಿದ್ದರು. ಕಿವಿರಾಯರು ಹನ್ನೊಂದು ಅಧ್ಯಾಯದ ದನಿಯನ್ನು ಆ ಪೆಟ್ಟಿಗೆಯಲ್ಲಿ ಹದ ಮಾಡಿದ್ದ ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಅಕ್ಕ ಮೆಟ್ಟಿಲ ಮೇಲೆ ಕುಸಿದಿದ್ದರು. ಇವರು ಎದ್ದು ಹೋದ ಮೇಲೂ ಕುರ್ಚಿ ತಿರುಗುತ್ತಿತ್ತು.

ಸಂಜೆ ಬೀಗ ಹಾಕುವ ಮುಂಚೆ ನಾನು ನಿಯಮದಂತೆ ನಾಬ್‌ಗಳನ್ನೆಲ್ಲ ಸೊನ್ನೆಗೆ ತಿರುಗಿಸಿದೆ, ಬಟ್ಟೆಯಿಂದ ಧೂಳನ್ನೂ ಒರೆಸಿದೆ. ಅವರು ಬರೆದಿಟ್ಟಿರುತ್ತಾರೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಪುಸ್ತಕದ ಹಾಳೆ ಖಾಲಿಯಿತ್ತು; ಉಳಿದ ಒಂದು ಅಧ್ಯಾಯಕ್ಕೆ ಬೇಕಿದ್ದ ಅದೇ ಹದದ ಗುರುತು ಎಲ್ಲೂ ಉಳಿದಿರಲಿಲ್ಲ. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಅಕ್ಕನೂ ಹೋಗಿಬಿಟ್ಟಿದ್ದರು.

ಹತ್ತು ದಿನ ಕಳೆದು ಅವರು ಕೆಲಸಕ್ಕೆ ಬಂದಾಗ ನಡೆದದ್ದನ್ನು ಹೇಳಿದೆ. "ಹೋಗ್ಲಿ ಬಿಡಮ್ಮ" ಎಂದರು. ಬೈದಿದ್ದರೆ ನನಗೆ ಅವತ್ತು ಊಟವಾದರೂ ಸೇರುತ್ತಿತ್ತು.

ಆಮೇಲೆ ಮೂರು ವಾರ ಬಾಗಿಲು ಹಾಕಿಕೊಂಡು ಒಬ್ಬರೇ ಕೂತರು. ಹನ್ನೊಂದನೆಯ ಅಧ್ಯಾಯ ಸ್ವಲ್ಪ ಕೇಳುವುದು, ಹನ್ನೆರಡರ ಮೊದಲ ಪುಟ ಹಾಕಿ ನಾಬ್ ತಿರುಗಿಸುವುದು, ನಿಲ್ಲಿಸುವುದು. ಅಳಲಿಲ್ಲ, ಸಿಟ್ಟಾಗಲಿಲ್ಲ. ಟೀಗೆ ಸಕ್ಕರೆ ಹಾಕಲು ಮರೆತು ಕೊಟ್ಟರೂ ಸುಮ್ಮನೆ ಕುಡಿದರು.

ಮಗಳು ಬಂದು, "ಅಪ್ಪಾ, ಇರೋ ಹಾಗೇ ಕೊಟ್ಬಿಡಿ, ಮಕ್ಕಳಿಗೇನು ಗೊತ್ತಾಗುತ್ತೆ?" ಎಂದಳು.

"ಅವರಿಗೇ ಗೊತ್ತಾಗೋದು" ಎಂದರು. "ಹನ್ನೊಂದು ದಿನ ಎದುರಿಗೆ ಕೂತು ಕಥೆ ಹೇಳ್ದೋಳು ಹನ್ನೆರಡನೇ ದಿನ ಗೋಡೆಯಾಚೆ ಹೋಗ್ಬಿಟ್ಟ ಹಾಗಿರುತ್ತೆ."

ಶನಿವಾರ ನನ್ನನ್ನು ಕರೆದು ಒಂದು ಪತ್ರ ಕೊಟ್ಟರು. ಓನರಿಗೆ, ರಾಜೀನಾಮೆ.

"ನಾಬ್ ಎತ್ತ ತಿರುಗಿಸಿದ್ರೂ ನನಗೆ ಎಲ್ಲ ಒಂದೇ. ಅವಳು ಹೋದಾಗಿಂದ ಮನಸ್ಸಿಗೆ ಏನೂ ಅನ್ಸೋದಿಲ್ಲಮ್ಮ. ಈಗ ಕಿವೀನೂ ಹಾಗೇ ಆಯ್ತು. ಬೇಕಾದ್ರೆ ನೀನೇ ತಿರುಗ್ಸಿ ನೋಡು."

ಅಕ್ಕನ ದನಿ ಮಂಕಾಗಿ ಓದುತ್ತಿತ್ತು. ನಾನು ಮೇಲಿನ ಸಾಲಿನ ಕೊನೆಯ ನಾಬನ್ನು ಪೂರ್ತಿ ಏರಿಸಿದೆ. ಕೆಳಗಿನದನ್ನೂ ಏರಿಸಿದೆ. ನನಗೂ ಏನೂ ವ್ಯತ್ಯಾಸ ಕೇಳಲಿಲ್ಲ.

ಆಗ ಮೂಲೆಯ ಸ್ವಿಚ್ ನೋಡಿದೆ. ಅದು ಮೇಲಿದ್ದರೆ ದನಿ ಪೆಟ್ಟಿಗೆಯೊಳಗೆ ಹಾದು ಬರುತ್ತದೆ, ಕೆಳಗಿದ್ದರೆ ಪೆಟ್ಟಿಗೆಯನ್ನು ಬಿಟ್ಟು ನೇರ ಹೋಗುತ್ತದೆ. ಅದು ಕೆಳಗಿತ್ತು. ಅದರ ಪಕ್ಕದ ದೀಪ ಕೆಟ್ಟು ವರ್ಷಗಳಾಗಿದ್ದವು. ಅವತ್ತು ಧೂಳು ಒರೆಸುವಾಗ ನನ್ನ ಬಟ್ಟೆಯೇ ಎಳೆದಿರಬೇಕು. ಕೆಲಸ ಕಲಿಯುವವರು ಮೊದಲು ನೋಡುವುದೇ ಆ ಸ್ವಿಚ್ಚನ್ನು. ಮೂವತ್ತು ವರ್ಷ ಪಳಗಿದವರು ನೋಡುವುದಿಲ್ಲ.

ಸ್ವಿಚ್ಚನ್ನು ಮೇಲೆತ್ತಿದೆ. ಅಕ್ಕನ ದನಿ ಕೀರಲಾಗಿ ಕೋಣೆ ತುಂಬಿತು.

"ಅಯ್ಯೋ, ಕಿವಿ ಹರಿದುಹೋಗುತ್ತೆ, ಇಳ್ಸು!" ಎಂದು ಕಿವಿರಾಯರು ಕುರ್ಚಿಯಿಂದ ಎದ್ದರು. ಎದ್ದವರು ಹಾಗೇ ನಿಂತು ಸ್ವಿಚ್ಚನ್ನು ನೋಡಿದರು, ನನ್ನನ್ನು ನೋಡಿದರು. ಕಣ್ಣು ಮುಚ್ಚಿ ನಾಬ್‌ಗಳ ಮೇಲೆ ಕೈಯಿಟ್ಟರು. ಹತ್ತು ನಿಮಿಷ ಹಿಡಿಯಲಿಲ್ಲ. ಅಕ್ಕ ಗೋಡೆಯಾಚೆಯಿಂದ ಬಂದು ನಮ್ಮೆದುರು ಕೂತರು.

ಈ ಸಲ ಅವರು ನಿಲ್ಲಿಸಲಿಲ್ಲ. ಅಧ್ಯಾಯ ಕೊನೆಯವರೆಗೂ ಓಡಿತು. ಕಥೆ ಮುಗಿಯಿತು, ಪುಸ್ತಕ ಮುಚ್ಚಿದ ಸದ್ದಾಯಿತು. ಆಮೇಲೆ, ಇನ್ನೂ ಕತ್ತರಿಸದೆ ಉಳಿದಿದ್ದ ತುಣುಕಿನಲ್ಲಿ, ಓದುವವರು ಕೂರುವ ಗಾಜಿನ ಕೋಣೆಯೊಳಗಿನಿಂದ ಅಕ್ಕ ಕೇಳಿದರು:

"ರೀ, ಕೇಳ್ಸುತ್ತಾ?"

"ಕೇಳ್ಸುತ್ತೆ ಕಣೇ" ಎಂದರು ಕಿವಿರಾಯರು. ಎಂದು, ಪೆಟ್ಟಿಗೆಗೆ ಹಣೆ ಆನಿಸಿ ಜೋರಾಗಿ ಅತ್ತರು.

ಪತ್ರ ನನ್ನ ಬ್ಯಾಗಿನಲ್ಲೇ ಉಳಿಯಿತು. ನಾನು ಪೆನ್ಸಿಲ್ ತೆಗೆದುಕೊಂಡು ಎರಡೂ ಸಾಲಿನ ನಾಬ್‌ಗಳು ಎಲ್ಲೆಲ್ಲಿವೆ ಎಂದು ಪುಸ್ತಕದಲ್ಲಿ ಬರೆದೆ. ನಾಬ್‌ಗಳನ್ನು ಅವತ್ತು ಸೊನ್ನೆಗೆ ತಿರುಗಿಸಲಿಲ್ಲ.